ಫೋಟೋ ತೆಗೆಯೋಕೆ ಮುಂಚೆ ನಾನು ಯಾರ್‍ಯಾರನ್ನ ಕೇಳ್ತೀನಿ

ಮೈಸೂರಂಥ ಊರಲ್ಲಿ ಸ್ಟುಡಿಯೋ ಇಟ್ಕೊಂಡಿರೋರು ನಾನು ಮದುವೆ ಮಾತ್ರ ಮಾಡ್ತೀನಿ, ನಾನು ಪ್ರಾಡಕ್ಟ್ ಮಾತ್ರ ಮಾಡ್ತೀನಿ ಅಂತ ಕೂರೋಕಾಗಲ್ಲ. ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಯಾರೋ ಬಂದು ನಿಂತಿರ್ತಾರೆ, ಮಧ್ಯಾಹ್ನ ಸೀರೆ ಅಂಗಡಿ ಕೆಲಸ ಇರುತ್ತೆ, ಸಂಜೆ ಚೌಟ್ರಿಲಿ ರಿಸೆಪ್ಷನ್ನು. ದಸರಾ ಬಂದ್ರೆ ಅದು ಬೇರೆ ಲೋಕ, ಚಳಿಗಾಲದಲ್ಲಿ ಬಿಡುವಾದ್ರೆ ಮಂಗಳೂರು ಉಡುಪಿ ಕಡೆ ಕಂಬಳ, ಯಕ್ಷಗಾನ ಅಂತ ಹೋಗ್ತೀನಿ, ಅದರಲ್ಲಿ ದುಡ್ಡಿಲ್ಲ ಆದ್ರೆ ಆ ಕೆಲಸ ನನಗೆ ಬೇಕು. ಇಷ್ಟು ಥರ ಮಾಡ್ತಾ ಮಾಡ್ತಾ ನನಗೆ ಗಟ್ಟಿಯಾಗಿ ಅನ್ನಿಸಿರೋ ವಿಷಯ ಅಂದ್ರೆ, ಆ ಕೆಲಸವನ್ನ ದಿನಾ ಮಾಡೋ ಜನರನ್ನ ಮಾತಾಡಿಸದೆ ಕ್ಯಾಮೆರಾ ಎತ್ತಬಾರದು. ಪುರೋಹಿತರು, ವಾಲಗದವರು, ದೋಸೆ ಹಾಕೋ ಭಟ್ರು, ಮಾವುತರು, ಚಿನ್ನದ ಕೆಲಸದ ಆಚಾರ್ರು. ಮುಂದಿನ ನಿಮಿಷ ಏನಾಗುತ್ತೆ, ಅದು ಎಷ್ಟು ಹೊತ್ತು ಇರುತ್ತೆ, ಎಲ್ಲಿ ನಿಂತ್ರೆ ಕಾಣುತ್ತೆ ಅನ್ನೋದು ಅವರಿಗೆ ಗೊತ್ತಿರುತ್ತೆ, ಕ್ಯಾಮೆರಾಗೆ ಗೊತ್ತಿರಲ್ಲ. ಹೊಸ ಕ್ಯಾಮೆರಾ ಬಾಡಿ ತಗೊಂಡ್ರೆ ಫೋಟೋ ಚೆನ್ನಾಗಿ ಬರುತ್ತೆ ಅಂದ್ಕೊಂಡು ಸಾಲ ಮಾಡೋ ಹುಡುಗರನ್ನ ನೋಡಿದಾಗ ನನಗೆ ಇದನ್ನ ಕೂತ್ಕೊಂಡು ಹೇಳ್ಬೇಕು ಅನ್ಸುತ್ತೆ, ಅದಕ್ಕೇ ಬರೀತಿದ್ದೀನಿ.

ಮೊದಲು ಮದುವೆ, ಯಾಕಂದ್ರೆ ನಮ್ಮ ಹೊಟ್ಟೆ ತುಂಬಿಸೋದು ಅದೇ. ಮದುವೆ ದಿನ ನಾನು ಚೌಟ್ರಿಗೆ ಹೋದ ತಕ್ಷಣ ಮದುವೆ ಹೆಣ್ಣಿನ ರೂಮಿಗೆ ಹೋಗಲ್ಲ, ಪುರೋಹಿತರ ಹತ್ರ ಹೋಗ್ತೀನಿ. "ಶಾಸ್ತ್ರಿಗಳೇ, ಅಂತರಪಟ ಎಷ್ಟೊತ್ತಿಗೆ, ಮಂಗಳಾಷ್ಟಕ ಪೂರ್ತಿ ಹೇಳ್ತೀರಾ ಅಥವಾ ಮುಹೂರ್ತ ನೋಡ್ಕೊಂಡು ಚಿಕ್ಕದು ಮಾಡ್ತೀರಾ, ಕೊನೇ ಶ್ಲೋಕ ಯಾವುದು" ಅಂತ ಕೇಳ್ಕೋತೀನಿ. ತುಂಬಾ ಜನ ಪುರೋಹಿತರಿಗೆ ಇದರಿಂದ ಖುಷಿ ಆಗುತ್ತೆ, ಯಾಕಂದ್ರೆ ಫೋಟೋದವರು ಅಂದ್ರೆ ಮಂತ್ರದ ಮಧ್ಯೆ ಬಂದು "ಸ್ವಾಮಿ ಸ್ವಲ್ಪ ಈ ಕಡೆ ಸರಿರಿ" ಅನ್ನೋರು ಅಂತಾನೇ ಅವರಿಗೆ ಅಭ್ಯಾಸ ಆಗಿರುತ್ತೆ. ಹೀಗೆ ಮೊದಲೇ ಕೇಳ್ಕೊಂಡ್ರೆ ಅಂತರಪಟ ಇಳಿಸೋಕೆ ಮುಂಚೆ ನನ್ನ ಕಡೆ ಒಂದು ಸಲ ನೋಡ್ತಾರೆ, ನನಗೆ ಅಷ್ಟು ಸಾಕು. ಆ ಬಟ್ಟೆ ಇಳಿದ ಕೂಡಲೇ ಗಂಡು ಹೆಣ್ಣು ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡ್ತಾರಲ್ಲ, ಅದಕ್ಕಿಂತ ಅರೆಕ್ಷಣ ಮುಂಚೆ ಒಬ್ಬರ ಮುಖ ಒಬ್ಬರು ನೋಡ್ತಾರೆ, ನನಗೆ ಬೇಕಾಗಿರೋದು ಅದು. ಪ್ರೀತಿಸಿ ಮದುವೆ ಆಗ್ತಿರೋರು, ಹತ್ತು ವರ್ಷದಿಂದ ಗೊತ್ತಿರೋರು ಕೂಡ ಆ ಹೊತ್ತಲ್ಲಿ ಬೇರೆ ಥರ ನೋಡ್ತಾರೆ. ಅದಕ್ಕೆ ಒಬ್ಬ ಫೋಟೋಗ್ರಾಫರ್ ಸಾಲಲ್ಲ, ನನ್ನ ಜೊತೆ ಇರೋ ಹುಡುಗ ಆ ಕಡೆ, ನಾನು ಈ ಕಡೆ, ಇಬ್ಬರ ಮುಖಾನೂ ಬೇಕು.

ಆಮೇಲೆ ಧಾರೆ. ಹೆಣ್ಣಿನ ತಾಯಿ ನೀರು ಬಿಡ್ತಾರೆ, ತಂದೆ ಕೈ, ಮಗಳ ಕೈ, ಅಳಿಯನ ಕೈ, ಮಧ್ಯೆ ತೆಂಗಿನಕಾಯಿ, ಅದರ ಮೇಲಿಂದ ನೀರು ಇಳೀತಿರುತ್ತೆ. ಈ ನೀರನ್ನ ಹೇಗೆ ತೆಗಿಬೇಕು ಅಂತ ನಾನು ತುಂಬಾ ಯೋಚನೆ ಮಾಡಿದ್ದೀನಿ. ಶಟರ್ ತೆರೆದಿರೋ ಹೊತ್ತನ್ನ ಸೆಕೆಂಡಿನ ಐನೂರನೇ ಒಂದರ ಹತ್ರ ಇಟ್ರೆ ನೀರು ಹನಿ ಹನಿಯಾಗಿ ಗಾಳೀಲಿ ನಿಂತ ಹಾಗೆ ಬರುತ್ತೆ, ನೋಡೋಕೆ ಚೆನ್ನಾಗಿದ್ರೂ ಧಾರೆ ಅಂತ ಅನ್ಸಲ್ಲ. ಅರವತ್ತನೇ ಒಂದಕ್ಕೆ ಇಳಿಸಿದ್ರೆ ಬೆಳ್ಳಗೆ ದಾರದ ಹಾಗೆ ಒಂದೇ ಎಳೆಯಾಗಿ ಇಳಿಯುತ್ತೆ, ಕೈಗಳು ಅಲ್ಲಾಡದೆ ಹಿಡ್ಕೊಂಡಿರ್ತಾರೆ ಆದ್ದರಿಂದ ಕೈ ಶಾರ್ಪಾಗೇ ಇರುತ್ತೆ. ನಾನು ಮಂಟಪದ ಕೆಳಗೆ ಕೂತ್ಕೊಂಡು ಕೈಗಳ ಮಟ್ಟಕ್ಕಿಂತ ಸ್ವಲ್ಪ ಕೆಳಗಿಂದ ತೆಗಿತೀನಿ, ಆಗ ನೀರಿನ ಹಿಂದೆ ತಾಯಿ ಮುಖ ಮಂಜಾಗಿ ಬರುತ್ತೆ. ಆ ಹೊತ್ತಲ್ಲಿ ತಂದೆ ಅಳದೆ ಗಟ್ಟಿಯಾಗಿದ್ರೂ ಹೆಬ್ಬೆರಳು ಮಗಳ ಕೈನ ಒತ್ತಿ ಹಿಡ್ಕೊಂಡಿರುತ್ತೆ, ನೂರಕ್ಕೆ ತೊಂಬತ್ತು ಮದುವೇಲಿ ನಾನು ಇದನ್ನ ನೋಡಿದ್ದೀನಿ, ಮುಖಕ್ಕಿಂತ ಆ ಹೆಬ್ಬೆರಳೇ ಹೆಚ್ಚು ಹೇಳುತ್ತೆ.

ಮಾಂಗಲ್ಯಧಾರಣೆಗೆ ಮುನ್ಸೂಚನೆ ಏನು ಅಂದ್ರೆ ಮಾಂಗಲ್ಯ ಇಟ್ಟಿರೋ ತಟ್ಟೆ. ಅದನ್ನ ಹಿರಿಯರ ಹತ್ರ ಮುಟ್ಟಿ ನಮಸ್ಕಾರ ಮಾಡಿಸೋಕೆ ಸಭೆಯಲ್ಲಿ ತಗೊಂಡು ಹೋಗ್ತಾರೆ, ಅದು ವಾಪಸ್ ಬರೋ ಅಷ್ಟರಲ್ಲಿ ನಾನು ನನ್ನ ಜಾಗ ಹಿಡಿದಿರ್ಬೇಕು, ಆಮೇಲೆ ನೆಂಟರೆಲ್ಲ ಮೊಬೈಲ್ ಹಿಡ್ಕೊಂಡು ಮುಂದೆ ಬಂದ್ಬಿಡ್ತಾರೆ. ಗಂಡಿನ ಅಕ್ಕ ತಂಗಿ ಯಾರು ಹಿಂದೆ ನಿಂತು ಗಂಟು ಹಾಕಿಸೋಕೆ ಸಹಾಯ ಮಾಡ್ತಾರೋ ಅವರನ್ನ ಮೊದಲೇ ಹುಡುಕಿ "ಅಕ್ಕ, ಜಡೆ ಸ್ವಲ್ಪ ಎತ್ತಿ ಹಿಡ್ಕೊಳಿ, ಮೊಗ್ಗಿನ ಜಡೆ ಅಡ್ಡ ಬಂದ್ರೆ ಕೈ ಕಾಣಲ್ಲ" ಅಂತ ಹೇಳಿರ್ತೀನಿ. ಇನ್ನು ಕಣ್ಣು ಇಡಬೇಕಾಗಿರೋದು ಡೋಲಿನವರ ಮೇಲೆ. ಅವರು ಪುರೋಹಿತರ ಕೈನೇ ನೋಡ್ತಾ ಕೂತಿರ್ತಾರೆ, ಕೋಲು ಮೇಲೆತ್ತಿದ್ರು ಅಂದ್ರೆ ಗಟ್ಟಿಮೇಳ ಬಂತು ಅಂತ ಅರ್ಥ. ಗಟ್ಟಿಮೇಳ ಶುರುವಾದ ಕ್ಷಣದಿಂದ ಅಕ್ಷತೆ ಹಾರಿಬರೋಕೆ ಶುರು, ಆಟೋಫೋಕಸ್ ಅಕ್ಷತೆ ಹಿಂದೆ ಓಡುತ್ತೆ, ಅದಕ್ಕೆ ನಾನು ಅದಕ್ಕಿಂತ ಮುಂಚೆನೇ ಹೆಣ್ಣಿನ ಕಣ್ಣಿಗೆ ಫೋಕಸ್ ಮಾಡಿ ಲಾಕ್ ಮಾಡ್ಕೋತೀನಿ, ಅಪರ್ಚರ್ (ಲೆನ್ಸ್ ಬಾಯಿ ತೆರೆಯೋ ಅಳತೆ) ಎಫ್ ನಾಲ್ಕು ಅಥವಾ ಐದು ಪಾಯಿಂಟ್ ಆರು, ಹಣೆ ಮೇಲಿನ ಬಾಸಿಂಗದ ನೆರಳು ಕಣ್ಣಿಗೆ ಬೀಳದ ಹಾಗೆ ಲೈಟು ಸ್ವಲ್ಪ ಕೆಳಗೆ ಇಡಿಸಿರ್ತೀನಿ. ಮಂಟಪದ ಪಿಂಕ್, ನೇರಳೆ ಎಲ್ಇಡಿ ಲೈಟನ್ನ ಮುಹೂರ್ತದ ಹೊತ್ತಲ್ಲಾದ್ರೂ ಆರಿಸಿ ಅಂತ ಡೆಕೋರೇಷನ್‌ನವರಿಗೆ ಕೈಮುಗಿದು ಕೇಳ್ಕೋತೀನಿ. ಅರಿಶಿನ ಹಚ್ಚಿರೋ ಮುಖಕ್ಕೆ ನೇರಳೆ ಬೆಳಕು ಬಿದ್ರೆ ಆ ಬಣ್ಣವನ್ನ ಯಾವ ಎಡಿಟಿಂಗಲ್ಲೂ ಸರಿ ಮಾಡೋಕಾಗಲ್ಲ.

ಎಲ್ಲಾ ಮದುವೆ ಒಂದೇ ಥರ ಇರಲ್ಲ. ಕೊಡವರ ಮದುವೆಗೆ ಹೋದ್ರೆ ಪುರೋಹಿತರೇ ಇರಲ್ಲ, ಹಿರಿಯರು ಒಬ್ಬೊಬ್ಬರಾಗಿ ಬಂದು ಹರಸೋದೇ ಮುಖ್ಯ, ಬಾಳೆ ಕಂಬ ಕಡಿಯೋ ಹೊತ್ತಲ್ಲಿ ಕತ್ತಿ ಬೀಸೋ ದಿಕ್ಕು ಕೇಳ್ಕೊಂಡೇ ನಿಲ್ಲಬೇಕು. ನಿಕಾಹ್‌ನಲ್ಲಿ ಹೆಣ್ಣಿನ ಕಡೆ ರೂಮಿಗೆ ಯಾರು ಹೋಗ್ಬಹುದು ಅನ್ನೋದನ್ನ ಮನೆಯ ಹಿರಿಯರ ಹತ್ರ ಕೇಳಿ ಲೇಡಿ ಫೋಟೋಗ್ರಾಫರ್ ಕರ್ಕೊಂಡು ಹೋಗ್ತೀನಿ. ಚರ್ಚಲ್ಲಿ ಕೆಲವು ಫಾದರ್ ಫ್ಲಾಶ್ ಬೇಡ ಅಂತಾರೆ, ಬೇಡ ಅಂದ್ರೆ ಬೇಡ. ಕುವೆಂಪು ಅವರು ಹಾಕಿಕೊಟ್ಟ ಮಂತ್ರಮಾಂಗಲ್ಯದ ರೀತಿ ಮದುವೆ ಆಗೋರು ಮೈಸೂರಲ್ಲಿ ಇದ್ದಾರೆ, ಅಲ್ಲಿ ಹೋಮ ಇಲ್ಲ, ಮುಹೂರ್ತ ಇಲ್ಲ, ಪ್ರಮಾಣ ಓದ್ತಾರೆ, ಬೇಗ ಮುಗಿದುಹೋಗುತ್ತೆ. ಅಂಥ ಮದುವೇಲಿ ಓದೋರ ಮುಖಕ್ಕಿಂತ ಕೇಳಿಸ್ಕೊಳ್ತಾ ಕೂತಿರೋರ ಮುಖ ನನಗೆ ಹೆಚ್ಚು ಸಿಗುತ್ತೆ. ಅಪ್ಪ ಅಮ್ಮಂದಿರು ತಮ್ಮ ಮದುವೇಲಿ ಯಾರೂ ಅರ್ಥ ಹೇಳದೇ ಇದ್ದಿದ್ದನ್ನ ಇಲ್ಲಿ ಕನ್ನಡದಲ್ಲಿ ಕೇಳ್ತಾ ಕೂತಿರ್ತಾರೆ.

ಮದುವೇಲಿ ನಾನು ತಪ್ಪದೇ ಮಾಡೋ ಇನ್ನೊಂದು ಕೆಲಸ ಇದೆ, ಅದು ಯಾವ ಪ್ಯಾಕೇಜಲ್ಲೂ ಬರಲ್ಲ. ಬಂದಿರೋ ಅಜ್ಜಿ ತಾತಂದಿರನ್ನ ಒಬ್ಬೊಬ್ಬರನ್ನೇ ಕರ್ಕೊಂಡು ಹೋಗಿ ಚೌಟ್ರಿ ಬಾಗಿಲ ಹತ್ರ, ಹೊರಗಿನ ಬೆಳಕು ಬೀಳೋ ಕಡೆ ಕುರ್ಚಿ ಹಾಕಿ ಕೂರಿಸಿ ಸಿಂಗಲ್ ಫೋಟೋ ತೆಗಿತೀನಿ. ಯಾಕಂದ್ರೆ ಸ್ಟುಡಿಯೋಗೆ ಬರೋ ಕೆಲಸದಲ್ಲಿ ನನಗೆ ತುಂಬಾ ಕಷ್ಟ ಆಗೋದು ತೀರಿಹೋದವರ ಫೋಟೋ ದೊಡ್ಡದು ಮಾಡಿ ಫ್ರೇಮ್ ಹಾಕಿಸೋದು. ಹನ್ನೊಂದನೇ ದಿನಕ್ಕೋ ವೈಕುಂಠ ಸಮಾರಾಧನೆಗೋ ಬೇಕು ಅಂತ ಮಕ್ಕಳು ಬರ್ತಾರೆ, ಕೈಲಿ ವೋಟರ್ ಐಡಿ ಇರುತ್ತೆ, ಇಲ್ಲಾ ಯಾವುದೋ ಗೃಹಪ್ರವೇಶದ ಗ್ರೂಪ್ ಫೋಟೋ, ಅದರಲ್ಲಿ ಮೂರನೇ ಸಾಲಲ್ಲಿ ಉಗುರಿನಷ್ಟು ಮುಖ. ಬಾಳಿ ಬದುಕಿ ಮನೆ ಕಟ್ಟಿ ಮಕ್ಕಳನ್ನ ಓದಿಸಿರೋ ಮನುಷ್ಯ, ಅವರದ್ದೊಂದು ನೆಟ್ಟಗಿರೋ ಫೋಟೋ ಇರಲ್ಲ. ಈಗ ಎಐ ಸಾಫ್ಟ್‌ವೇರ್‌ಗೆ ಹಾಕಿದ್ರೆ ಶಾರ್ಪ್ ಮಾಡಿಕೊಡುತ್ತೆ ಅಂತಾರೆ, ಕೊಡುತ್ತೆ, ಆದ್ರೆ ಇಲ್ಲದ ವಿವರವನ್ನ ಅದು ತಾನೇ ಊಹೆ ಮಾಡಿ ತುಂಬುತ್ತೆ, ಕಣ್ಣಿನ ರೆಪ್ಪೆ ಬದಲಾಗುತ್ತೆ, ತುಟಿ ಅಂಚು ಬದಲಾಗುತ್ತೆ. ನಮಗೆ ಚೆನ್ನಾಗೇ ಕಾಣುತ್ತೆ, ಆದ್ರೆ ಮಗಳು ನೋಡಿದ ತಕ್ಷಣ "ಇದು ನಮ್ಮಪ್ಪ ಅಲ್ಲ" ಅಂದುಬಿಡ್ತಾಳೆ. ಅದಕ್ಕೆ ನಾನು ಮುಖದ ಮೇಲೆ ಎಐ ಬಳಸಲ್ಲ, ಸ್ವಲ್ಪ ಮಂಜಾಗಿದ್ರೂ ಪರವಾಗಿಲ್ಲ ಅವರೇ ಆಗಿರ್ಲಿ, ಸೈಜ್ ಚಿಕ್ಕದು ಮಾಡಿ ಸುತ್ತ ಅಗಲವಾದ ಮೌಂಟ್ ಹಾಕಿ ಫ್ರೇಮ್ ಮಾಡಿಕೊಡ್ತೀನಿ.

ಮದುವೇಲಿ ಅಜ್ಜಿಯರನ್ನ ಕೂರಿಸಿದಾಗ ನಾನು ಕಾರಣ ಹೇಳಲ್ಲ. ಆದ್ರೆ ಅವರೇ ಹೇಳ್ತಾರೆ, "ಚೆನ್ನಾಗಿ ತೆಗಿಯಪ್ಪ, ನಾಳೆ ಗೋಡೆಗೆ ಹಾಕೋಕೆ ಬೇಕಲ್ಲ" ಅಂತ, ನಗ್ತಾನೇ ಹೇಳ್ತಾರೆ, ಸೆರಗು ಸರಿ ಮಾಡ್ಕೋತಾರೆ, ಕೆಲವರು ಕನ್ನಡಕ ತೆಗೀಲಾ ಅಂತ ಕೇಳ್ತಾರೆ. ದಿನಾ ಹಾಕ್ಕೊಳ್ಳೋ ಕನ್ನಡಕ ಆದ್ರೆ ಹಾಕ್ಕೊಂಡೇ ಇರಿ ಅಂತೀನಿ, ಮೊಮ್ಮಕ್ಕಳಿಗೆ ಗೊತ್ತಿರೋ ಮುಖ ಅದೇ ಅಲ್ವಾ. ಸುಕ್ಕು ಅಳಿಸಲ್ಲ, ನೆರೆ ಕೂದಲು ಕಪ್ಪು ಮಾಡಲ್ಲ. ಎಂಬತ್ತೈದು ಎಂಎಂ ಲೆನ್ಸು, ಪಕ್ಕದಿಂದ ಬರೋ ಬೆಳಕು, ಎರಡು ಮಾತು, ಅಷ್ಟೇ. ನಾನು ತೆಗೆದ ಫೋಟೋಗಳಲ್ಲಿ ಎಲ್ಲಕ್ಕಿಂತ ಹೆಚ್ಚು ದಿನ ಗೋಡೆ ಮೇಲೆ ಇರೋದು ಇವೇ ಅಂತ ನನಗೆ ಗೊತ್ತು.

ನಾಮಕರಣದ್ದು ಹೆಚ್ಚೇನು ಹೇಳಲ್ಲ. ಮಗುಗೆ ಹಾಲು ಕುಡಿಸಿದ ಮೇಲೆ ಎಷ್ಟು ಹೊತ್ತು ನಿದ್ದೆ ಮಾಡುತ್ತೆ ಅಂತ ಅಜ್ಜಿನ ಕೇಳಿ, ಡಾಕ್ಟರಿಗಿಂತ ಕರೆಕ್ಟಾಗಿ ಹೇಳ್ತಾರೆ, ಅಷ್ಟರಲ್ಲೇ ಕೆಲಸ ಮುಗಿಸಿ. ತೊಟ್ಟಿಲ ಶಾಸ್ತ್ರದಲ್ಲಿ ಕಿವೀಲಿ ಹೆಸರು ಹೇಳೋ ಹೊತ್ತಿಗೆ ಮಗು ಮುಖ ತಿರುಗೋ ದಿಕ್ಕಲ್ಲಿ ಇರಿ. ಮಗು ಮುಖಕ್ಕೆ ಹತ್ತಿರದಿಂದ ನೇರವಾಗಿ ಫ್ಲಾಶ್ ಹೊಡಿಬೇಡಿ, ಕಿಟಕಿ ಬೆಳಕು ಧಾರಾಳ ಸಾಕು. ಇನ್ನೊಂದು, ಕೆನ್ನೆ ಮೇಲಿನ ದೃಷ್ಟಿಬೊಟ್ಟನ್ನ ಕಲೆ ಅಂದ್ಕೊಂಡು ಫೋಟೋಶಾಪಲ್ಲಿ ಅಳಿಸೋ ಎಡಿಟರ್‌ಗಳಿದ್ದಾರೆ, ಹೊರಗಡೆ ಎಡಿಟಿಂಗ್ ಕೊಡೋರು ಮೊದಲೇ ಹೇಳಿಬಿಡಿ.

ಆಷಾಢ ಬಂತು ಅಂದ್ರೆ ಮದುವೆ ನಿಂತುಹೋಗುತ್ತೆ. ಆ ತಿಂಗಳು ನಮಗೆ ಅಂಗಡಿಗಳ ಕೆಲಸ, ಯಾಕಂದ್ರೆ ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬ ಇರುತ್ತಲ್ಲ, ಸೀರೆಯವರು ಒಡವೆಯವರು ಎಲ್ಲ ಅದಕ್ಕೆ ಮುಂಚೆ ಫೋಟೋ ಮಾಡಿಸ್ಕೋತಾರೆ. ಸೀರೆ ಫೋಟೋಲಿ ಬಣ್ಣದ್ದೇ ಜಗಳ. ಆನ್‌ಲೈನಲ್ಲಿ ನೋಡಿ ತರಿಸ್ಕೊಂಡೋರು ಬಣ್ಣ ಬೇರೆ ಅಂತ ವಾಪಸ್ ಕಳಿಸಿದ್ರೆ ಅಂಗಡಿಯವರಿಗೆ ನಷ್ಟ, ಅದಕ್ಕೆ ಪ್ರತಿ ಸೀರೆಗೂ ಮೊದಲು ಗ್ರೇ ಕಾರ್ಡ್ (ಬೂದು ಬಣ್ಣದ ರಟ್ಟು) ಇಟ್ಟು ಒಂದು ಫ್ರೇಮ್ ತೆಗೆದು ಅದರಿಂದ ವೈಟ್ ಬ್ಯಾಲೆನ್ಸ್, ಅಂದ್ರೆ ಬೆಳಕಿಗೆ ತಕ್ಕ ಬಣ್ಣದ ಲೆಕ್ಕ, ಹಿಡೀತೀನಿ, ಕಿಟಕಿ ಬೆಳಕು ಟ್ಯೂಬ್‌ಲೈಟು ಎರಡೂ ಮಿಕ್ಸ್ ಆಗೋಕೆ ಬಿಡಲ್ಲ. ಆದ್ರೂ ಎರಡು ಬಣ್ಣ ನೇಯ್ದಿರೋ ಸೀರೆ ಇರುತ್ತಲ್ಲ, ಹಾವು ಸಾಗಿದ ಹಾಗೆ ಒಂದು ಮಡಿಕೆ ಹಸಿರು ಒಂದು ಮಡಿಕೆ ಕೆಂಪು ಕಾಣೋದು, ಅದನ್ನ ಒಂದು ಫೋಟೋಲಿ ಹಿಡಿಯೋಕಾಗಲ್ಲ. ಇದಕ್ಕೆ ದಾರಿ ತೋರಿಸಿದ್ದು ಅಂಗಡೀಲಿ ಸೀರೆ ಬಿಚ್ಚಿ ತೋರಿಸೋ ಹಿರಿಯ ಸೇಲ್ಸ್‌ಮನ್ನು. ಅವರು ಗಿರಾಕಿ ಮುಂದೆ ಸೀರೆನ ಸುಮ್ನೆ ಹಾಸಲ್ಲ, ಮುಂಗೈ ಮೇಲೆ ಹಾಕ್ಕೊಂಡು ಒಂಚೂರು ತಿರುಗಿಸ್ತಾರೆ, ಎರಡು ಬಣ್ಣಾನೂ ಹೊರಗೆ ಬರುತ್ತೆ. ಕ್ಯಾಮೆರಾ ಮುಂದೇನೂ ಹಾಗೇ ಹಿಡೀರಿ ಅಂತ ಕೇಳ್ಕೊಂಡೆ, ಅವರ ಮುಂಗೈ ಮೇಲಿನ ಮಡಿಕೆಯ ಫೋಟೋನೇ ಆ ಅಂಗಡಿಯವರು ಮೊದಲ ಫೋಟೋ ಅಂತ ಹಾಕಿದ್ರು. ಮೈಸೂರು ಸಿಲ್ಕ್ ಕ್ರೇಪ್ ಮಾತ್ರ ಬೇರೆ, ಬಟ್ಟೆ ನೀರಿನ ಹಾಗೆ ಇಳಿಬೀಳುತ್ತೆ, ಜರಿ ಹೊಳೆಯುತ್ತೆ. ಲೈಟು ಮುಂದಿಂದ ಕೊಟ್ರೆ ಜರಿ ಬೆಳ್ಳಗೆ ಸುಟ್ಟುಹೋಗುತ್ತೆ, ಪಕ್ಕದಿಂದ ಇಳಿಜಾರಾಗಿ ಕೊಡ್ಬೇಕು.

ಒಡವೆ ಇನ್ನೂ ಕಷ್ಟ. ಚಿನ್ನ ತನ್ನ ಸುತ್ತ ಇರೋದನ್ನೆಲ್ಲ ತೋರಿಸುತ್ತೆ, ನಿಮ್ಮ ಷರ್ಟಿನ ಬಣ್ಣಾನೂ. ಸುತ್ತ ಬಟರ್ ಪೇಪರ್ ಗೂಡು ಮಾಡಿ ಹೊರಗಿಂದ ಲೈಟ್ ಬಿಡ್ತೀವಿ, ಆದ್ರೆ ಎಲ್ಲಾ ಕಡೆ ಬೆಳ್ಳಗಿದ್ರೆ ಚಿನ್ನ ಹಿತ್ತಾಳೆ ಥರ ಸಪ್ಪೆ ಆಗುತ್ತೆ, ಅದಕ್ಕೆ ಎರಡು ಮೂರು ಕಡೆ ಕಪ್ಪು ರಟ್ಟಿನ ಚೂರು ನಿಲ್ಲಿಸಿ ಅಂಚು ಎದ್ದು ಕಾಣೋ ಹಾಗೆ ಮಾಡ್ತೀವಿ. ಲಕ್ಷ್ಮಿ ಸರ ಮಾಡಿದ ಆಚಾರ್ರನ್ನ ಪಕ್ಕ ಕೂರಿಸ್ಕೊಂಡಾಗ ಅವರು ಕಾಸಿನ ಮೇಲಿನ ಲಕ್ಷ್ಮಿಯ ಕೈ ತೋರಿಸಿ "ಇಲ್ಲಿ ಕಾಣ್ಬೇಕು, ಇದು ಕೈಲಿ ಕೊರೆದಿರೋದು, ಅಚ್ಚಲ್ಲಿ ಒತ್ತಿದ್ದಾದ್ರೆ ಇಷ್ಟು ಚೂಪಾಗಿ ಬರಲ್ಲ" ಅಂದ್ರು. ಅವರು ಹೇಳದಿದ್ರೆ ನಾನು ಮಧ್ಯದ ಕೆಂಪು ಕಲ್ಲಿಗೆ ಫೋಕಸ್ ಮಾಡ್ತಿದ್ದೆ. ಫೋಕಸ್ ಸ್ವಲ್ಪ ಸ್ವಲ್ಪ ಸರಿಸ್ತಾ ಸುಮಾರು ಫ್ರೇಮ್ ತೆಗೆದು ಕಂಪ್ಯೂಟರಲ್ಲಿ ಸೇರಿಸಿದ್ವಿ, ಉಗುರು ಗಾತ್ರದ ಲಕ್ಷ್ಮಿಯ ಬೆರಳು ಎಣಿಸೋ ಹಾಗೆ ಬಂತು. ಆಚಾರ್ರು ಆ ಫೋಟೋನ ತಮ್ಮ ಫೋನಿಗೆ ಹಾಕಿಸ್ಕೊಂಡು ಹೋದ್ರು.

ಹೋಟೆಲಿನ ಮೆನುಗೆ ಫೋಟೋ ತೆಗೆಯೋದು ಈಗ ತುಂಬಾ ಬರ್ತಿದೆ, ಫುಡ್ ಡೆಲಿವರಿ ಆ್ಯಪ್‌ಗಳಿಂದ. ಕೆಲವರು ದೋಸೆ ಮೇಲೆ ಎಣ್ಣೆ ಸವರೋದು, ಬೆಣ್ಣೆ ಬದಲು ಬೇರೆ ಏನೋ ಇಡೋದು ಮಾಡ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ತಿನ್ನೋರಿಗೆ ಏನು ಬರುತ್ತೋ ಅದನ್ನೇ ತೋರಿಸ್ಬೇಕು. ಹಾಗಾದ್ರೆ ಬೇಗ ಮಾಡ್ಬೇಕು. ಕಾವಲಿ ಹತ್ರ ಇರೋ ಭಟ್ರನ್ನ ಕೇಳಿದ್ರೆ ಹೇಳ್ತಾರೆ, ಬೆಣ್ಣೆ ಮಸಾಲೆ ದೋಸೆ ತಟ್ಟೆಗೆ ಬಿದ್ದ ಮೇಲೆ ಪಲ್ಯದ ಹಬೆಗೆ ಒಳಗಿಂದ ಮೆತ್ತಗಾಗ್ತಾ ಬರುತ್ತೆ, ಎರಡು ಮೂರು ನಿಮಿಷದ ಆಟ. ಹಾಗಾಗಿ ಮೊದಲು ಒಂದು ಡಮ್ಮಿ ದೋಸೆ ಇಟ್ಟು ಲೈಟು, ಆ್ಯಂಗಲ್ಲು, ಚಟ್ನಿ ಬಟ್ಟಲಿನ ಜಾಗ ಎಲ್ಲ ಸೆಟ್ ಮಾಡ್ಕೋತೀನಿ, ಆಮೇಲೆ "ಭಟ್ರೇ ಹಾಕಿ" ಅಂತ ಕೂಗಿದ ಮೇಲೆ ಬರೋದೇ ನಿಜವಾದ ದೋಸೆ. ಚಟ್ನಿ ಕಾಯ್ತಾ ಕೂತ್ರೆ ನೀರು ಬಿಟ್ಕೊಳುತ್ತೆ, ಅದನ್ನೂ ಕೊನೇಲಿ ಹಾಕ್ಬೇಕು. ಬೆಳಕು ಯಾವಾಗ್ಲೂ ತಟ್ಟೆ ಹಿಂದಿನಿಂದ ಅಥವಾ ಹಿಂದೆ ಪಕ್ಕದಿಂದ, ಆಗ ದೋಸೆ ಅಂಚಿನ ಗರಿ ಗರಿ ತೂತುಗಳ ಒಳಗಿಂದ ಬೆಳಕು ಹಾಯುತ್ತೆ, ಕರಗ್ತಿರೋ ಬೆಣ್ಣೆ ಹೊಳೆಯುತ್ತೆ. ಮುಂದಿಂದ ಫ್ಲಾಶ್ ಹೊಡೆದ ದೋಸೆ ರಟ್ಟಿನ ಹಾಗೆ ಕಾಣುತ್ತೆ. ಶೂಟ್ ಮುಗಿದ ಮೇಲೆ ಆ ದೋಸೆ ನಾವೇ ತಿಂತೀವಿ, ಏನೂ ಬೆರೆಸಿಲ್ಲ ಅನ್ನೋ ಧೈರ್ಯದ ಮೇಲೆ.

ಸ್ಕೂಲ್ ಗ್ರೂಪ್ ಫೋಟೋಗೆ ಒಂದೇ ಮಾತು, ಪಿ.ಟಿ. ಮೇಷ್ಟ್ರನ್ನ ಹಿಡ್ಕೊಳಿ. ಎತ್ತರದ ಪ್ರಕಾರ ನಿಲ್ಲಿಸೋದು, ಸುಮ್ನಿರಿಸೋದು ಎಲ್ಲ ಅವರ ಒಂದು ವಿಸಿಲ್ಲಲ್ಲಿ ಆಗುತ್ತೆ. ಬಿಸಿಲಿಗೆ ಮುಖ ಮಾಡಿ ನಿಲ್ಲಿಸಬೇಡಿ, ಕಟ್ಟಡದ ನೆರಳಲ್ಲಿ ನಿಲ್ಲಿಸಿ. ಎಲ್ಲರೂ ಕಣ್ಣು ಮುಚ್ಚಿ, ಮೂರು ಅಂದಾಗ ಬಿಡಿ ಅಂತ ಹೇಳಿ ಆಗ ಕ್ಲಿಕ್ ಮಾಡಿದ್ರೆ ಕಣ್ಣು ಮುಚ್ಚಿರೋರು ಇರಲ್ಲ.

ಇನ್ನು ದಸರಾ. ಹೊರಗಿನಿಂದ ಬರೋ ಫೋಟೋಗ್ರಾಫರ್‌ಗಳು ವಿಜಯದಶಮಿ ದಿನ ಬಂದು ನಿಲ್ತಾರೆ, ನಾವು ಊರಿನವರಿಗೆ ಅದಕ್ಕಿಂತ ವಾರಗಟ್ಟಲೆ ಮುಂಚೆ ಶುರುವಾಗುತ್ತೆ. ಗಜಪಯಣ ಮುಗಿಸಿ ಆನೆಗಳು ಊರಿಗೆ ಬಂದ ಮೇಲೆ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ತಾಲೀಮು ನಡೆಯುತ್ತೆ, ಮೊದಲು ಸುಮ್ನೆ ನಡಿಗೆ, ಆಮೇಲೆ ಮರಳು ಮೂಟೆ, ಆಮೇಲೆ ಮರದ ಅಂಬಾರಿ. ಚಿನ್ನದ ಅಂಬಾರಿ 750 ಕೆ.ಜಿ., ಅಷ್ಟು ತೂಕ ಒಂದೇ ದಿನ ಹೊರಿಸೋಕಾಗಲ್ಲವಲ್ಲ. ಆನೆಗೆ ತಾಲೀಮು ಆಗೋ ಹಾಗೆ ನನಗೂ ಅದೇ ತಾಲೀಮು. ಸಯ್ಯಾಜಿರಾವ್ ರಸ್ತೇಲಿ ಯಾವ ಕಟ್ಟಡದ ನೆರಳು ಎಲ್ಲಿ ಬೀಳುತ್ತೆ, ಕೆ.ಆರ್. ಸರ್ಕಲ್ಲಲ್ಲಿ ಆನೆ ತಿರುಗುವಾಗ ಅಂಬಾರಿ ಎಷ್ಟು ವಾಲುತ್ತೆ ಅಂತ ನೋಡ್ಕೋತೀನಿ. ಮಾವುತರು, ಅವರ ಸಹಾಯಕರಾದ ಕಾವಾಡಿಗಳನ್ನ ಮಾತಾಡಿಸಿದ್ರೆ ಯಾವ ಆನೆ ಶಬ್ದಕ್ಕೆ ಕಿವಿ ಅಗಲಿಸುತ್ತೆ, ಯಾವುದು ನಿಂತಲ್ಲೇ ಸೊಂಡಿಲು ಆಡಿಸುತ್ತೆ, ಎಲ್ಲ ಹೇಳ್ತಾರೆ. 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನನ ನಡಿಗೆ ಬೇರೆ, 2020ರಿಂದ ಹೊರೋಕೆ ಶುರು ಮಾಡಿದ ಅಭಿಮನ್ಯು ನಡಿಗೆ ಬೇರೆ. ಅರ್ಜುನ 2023ರ ಡಿಸೆಂಬರಲ್ಲಿ ಕಾಡಾನೆ ಜೊತೆ ಕಾದಾಡಿ ತೀರಿಹೋದಾಗ ನನ್ನ ಹಾರ್ಡ್‌ಡಿಸ್ಕಲ್ಲಿದ್ದ ಅವನ ಅಂಬಾರಿ ಫೋಟೋಗಳನ್ನ ಹುಡುಕ್ಲಿಲ್ಲ, ತಾಲೀಮು ದಿನ ಬೆಳಗ್ಗೆ ಸ್ನಾನ ಮಾಡಿಸ್ತಿದ್ದಾಗ ತೆಗೆದಿದ್ದನ್ನ ಹುಡುಕಿದೆ, ಮಾವುತ ಅವನ ಕಿವಿ ಹಿಂದೆ ಉಜ್ತಿರೋದು.

ಅರಮನೆ ದೀಪಾಲಂಕಾರದ್ದೂ ಒಂದು ವಿಷಯ ಹೇಳ್ಬಿಡ್ತೀನಿ, ಪ್ರಿ ವೆಡ್ಡಿಂಗ್‌ಗೆ ಬರೋರಿಗೆ ಉಪಯೋಗ ಆಗುತ್ತೆ. ಭಾನುವಾರ, ಸರ್ಕಾರಿ ರಜಾ ದಿನ ಸಂಜೆ ಏಳಕ್ಕೆ ಹತ್ತಿರ ಹತ್ತಿರ ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಳ್ಳುತ್ತೆ. ಫೋಟೋ ಚೆನ್ನಾಗಿ ಬರೋದು ಹಿಂದೆ ಆಕಾಶ ಇನ್ನೂ ನೀಲಿ ಇದ್ದಾಗ, ಪೂರ್ತಿ ಕತ್ತಲಾದ ಮೇಲೆ ಕರೀ ಹಲಗೆ ಮೇಲೆ ಚುಕ್ಕಿ ಇಟ್ಟ ಹಾಗಿರುತ್ತೆ. ನವೆಂಬರ್ ಡಿಸೆಂಬರಲ್ಲಿ ಮೈಸೂರಲ್ಲಿ ಸೂರ್ಯ ಆರು ಗಂಟೆ ಆಸುಪಾಸಲ್ಲೇ ಮುಳುಗ್ತಾನೆ, ಏಳಕ್ಕೆ ಆಕಾಶ ಕಪ್ಪು. ಜೂನ್ ಜುಲೈಲಿ ಮುಳುಗೋದೇ ಏಳಕ್ಕೆ ಹತ್ತು ನಿಮಿಷ ಇರುವಾಗ, ದೀಪ ಹತ್ತಿದಾಗ ನೀಲಿ ಇನ್ನೂ ಇರುತ್ತೆ. ಮಳೆಗಾಲ ಅಂತ ಎಲ್ರೂ ಬೇಡ ಅನ್ನೋ ತಿಂಗಳೇ ಇದಕ್ಕೆ ಸರಿಯಾದ ತಿಂಗಳು, ಮಳೆ ನಿಂತು ನೆಲ ಒದ್ದೆ ಇದ್ರೆ ಕೆಳಗೂ ದೀಪ ಕಾಣುತ್ತೆ. ಅಂದಹಾಗೆ ಹಂಪಿ, ಸೋಮನಾಥಪುರ ಅಂತ ಹೋಗೋರು ಪುರಾತತ್ವ ಇಲಾಖೆ ಪರ್ಮಿಷನ್ ಮೊದಲೇ ತಗೊಳಿ, ಟ್ರೈಪಾಡ್ ಬಿಚ್ಚಿದ ತಕ್ಷಣ ತಡೀತಾರೆ, ತಡೀಬೇಕು ಕೂಡ, ಅಲ್ಲಿನ ಕಲ್ಲು ನಮ್ಮ ಫೋಟೋಗಿಂತ ದೊಡ್ಡದು.

ಕರಾವಳಿ ಕಡೆ ಹೋದಾಗ ನಾನೇ ವಿದ್ಯಾರ್ಥಿ. ಕಂಬಳದಲ್ಲಿ ಕೋಣಗಳು ಓಡಿಬಂದು ಮುಟ್ಟೋ ಮಂಜೊಟ್ಟಿ ಕಡೆ ಎಲ್ಲಿ ನಿಂತ್ರೆ ಅಪಾಯ ಇಲ್ಲ ಅಂತ ಕೋಣ ಹಿಡಿಯೋ ಹುಡುಗರನ್ನ ಕೇಳ್ಕೊಂಡೇ ನಿಲ್ಲೋದು, ಅಲ್ಲಿ ಲೆನ್ಸಲ್ಲಿ ಕಣ್ಣಿಟ್ಟು ಮೈಮರೆತ್ರೆ ಜೀವಕ್ಕೇ ಕಷ್ಟ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನ 13.62 ಸೆಕೆಂಡಲ್ಲಿ ಓಡಿದ್ದು ದೇಶಕ್ಕೆಲ್ಲ ಗೊತ್ತಾಯ್ತಲ್ಲ, ಅಂದ್ರೆ ಇಡೀ ಓಟ ನಮಗೆ ಸಿಗೋದು ಹದಿನಾಲ್ಕು ಸೆಕೆಂಡೊಳಗೆ. ಹಗ್ಗ, ನೇಗಿಲು ವಿಭಾಗದಲ್ಲಿ ಓಟದ ವೇಗ ಮುಖ್ಯ, ಅದಕ್ಕೆ ಎದುರಿಂದ ಲಾಂಗ್ ಲೆನ್ಸು, ಶಟರ್ ಎರಡು ಸಾವಿರನೇ ಒಂದರ ಹತ್ರ. ಕನೆ ಹಲಗೆ, ಅಂದ್ರೆ ಕೋಣಗಳಿಗೆ ಕಟ್ಟಿದ ಹಲಗೆ ಮೇಲೆ ನಿಂತು ನೀರು ಚಿಮ್ಮಿಸೋ ವಿಭಾಗ, ಬಂದ್ರೆ ಲೆಕ್ಕ ಬದಲು. ಅಲ್ಲಿ ನೀರು ಎಷ್ಟು ಎತ್ತರಕ್ಕೆ ಚಿಮ್ಮುತ್ತೆ, ಆರೂವರೆ ಕೋಲಾ, ಏಳೂವರೆ ಕೋಲಾ (ಕೋಲು ಅಂದ್ರೆ ಎತ್ತರದ ಅಳತೆ) ಅನ್ನೋದೇ ಪಂದ್ಯ, ಮೇಲೆ ಕಟ್ಟಿರೋ ನಿಶಾನೆಗೆ ನೀರು ಮುಟ್ಬೇಕು. ಆದ್ದರಿಂದ ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ನಿಶಾನೆ ಫ್ರೇಮೊಳಗೆ ಇರೋ ಹಾಗೆ ನೋಡ್ಕೊಂಡು, ಸೂರ್ಯ ನೀರಿನ ಹಿಂದೆ ಬರೋ ಕಡೆ ನಿಂತ್ಕೋಬೇಕು. ಇದನ್ನ ನನಗೆ ಹೇಳಿಕೊಟ್ಟಿದ್ದು ಕರೆ (ಕೋಣ ಓಡೋ ಕೆಸರಿನ ದಾರಿ) ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯರು, "ನೀವು ಕೋಣ ನೋಡುದಲ್ಲ ಮಾರಾಯ್ರೆ, ಇದರಲ್ಲಿ ನೀರು ನೋಡ್ಬೇಕು" ಅಂತ.

ಯಕ್ಷಗಾನದ ರಂಗಸ್ಥಳದಲ್ಲಿ ಈಗೆಲ್ಲ ಎಲ್ಇಡಿ ಲೈಟು. ನಮ್ಮ ಕರೆಂಟು ಐವತ್ತು ಹರ್ಟ್ಸ್, ಅಂದ್ರೆ ಅಗ್ಗದ ಲೈಟುಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತೆ, ಕಣ್ಣಿಗೆ ಕಾಣಲ್ಲ, ಶಟರ್ ಜಾಸ್ತಿ ಮಾಡಿದ್ರೆ ಫೋಟೋಲಿ ಪಟ್ಟೆ ಪಟ್ಟೆ ಬರುತ್ತೆ. ನೂರನೇ ಒಂದಕ್ಕೆ ಇಟ್ರೆ ಪಟ್ಟೆ ಹೋಗುತ್ತೆ, ಆದ್ರೆ ಗಿರಕಿ ಹೊಡೆಯೋ ವೇಷ ಅಲ್ಲಾಡಿಹೋಗುತ್ತೆ. ಇದಕ್ಕೆ ಕ್ಯಾಮೆರಾದಲ್ಲಿ ಉತ್ತರ ಇಲ್ಲ, ಚೆಂಡೆಯವರ ಕೈಯಲ್ಲಿ ಇದೆ. ಪದ್ಯ ಮುಗಿದು ಚೆಂಡೆ ಏರಿ ನಿಲ್ಲೋ ಜಾಗದಲ್ಲಿ ವೇಷಧಾರಿ ಒಂದು ಗಳಿಗೆ ಕಲ್ಲಿನ ಹಾಗೆ ನಿಲ್ತಾನೆ, ಕಣ್ಣು ಮಾತ್ರ ಉರೀತಿರುತ್ತೆ. ಹಾಗಾಗಿ ಆಟ ಶುರುವಾಗೋಕೆ ಮುಂಚೆ ಚೌಕೀಲಿ (ವೇಷ ಕಟ್ಟೋ ಜಾಗದಲ್ಲಿ) ಹಿಮ್ಮೇಳದವರ ಹತ್ರ ಕೂತು ಯಾವ ಪ್ರಸಂಗ, ಯಾವ ಪದ್ಯಕ್ಕೆ ಜೋರು ಕುಣಿತ ಅಂತ ಕೇಳ್ತೀನಿ. ಬಣ್ಣ ಹಚ್ಚುವಾಗ ಫೋಟೋ ತೆಗಿಬಹುದು ಆದ್ರೆ ಗಣಪತಿ ಪೂಜೆ ಹೊತ್ತಲ್ಲಿ, ಕಿರೀಟ ಕಟ್ಟೋ ಹೊತ್ತಲ್ಲಿ ಅಡ್ಡ ನಿಲ್ಲಬಾರದು, ಅದು ಅವರು ಪಾತ್ರದೊಳಗೆ ಹೋಗ್ತಿರೋ ಹೊತ್ತು.

ಮೈಸೂರಿನವರೇ ಆದ ಫೋಟೋ ಜರ್ನಲಿಸ್ಟ್ ಟಿ.ಎಸ್. ಸತ್ಯನ್ ಅವರ ಫೋಟೋಗಳನ್ನ ನಮ್ಮ ಹುಡುಗರಿಗೆ ತೋರಿಸ್ತಿರ್ತೀನಿ, 1977ರಲ್ಲಿ ಪದ್ಮಶ್ರೀ ಬಂತು ಅವರಿಗೆ. ಸ್ಕೂಲ್ ಮಕ್ಕಳು, ಬೀದೀಲಿ ಕೆಲಸ ಮಾಡೋರು, ಎಲ್ಲ ಸಾಮಾನ್ಯ ಜನ. ಆ ಜನ ಕ್ಯಾಮೆರಾ ಮರೆತಿರೋದು ನೋಡಿದ್ರೆ, ಅವರ ಜೊತೆ ಎಷ್ಟು ಹೊತ್ತು ಮಾತಾಡಿರ್ಬೇಕು ಅಂತ ಅನ್ಸುತ್ತೆ.

ಇತ್ತೀಚೆಗೆ ಮಂಡ್ಯ ಹತ್ರದ ಒಂದು ಆಲೆಮನೆ ಕೆಲಸ ಮಾಡಿದೆ, ಸಾವಯವ ಬೆಲ್ಲ ಮಾರೋರು ಡಬ್ಬದ ಮೇಲೆ ಹಾಕೋಕೆ ಫೋಟೋ ಕೇಳಿದ್ರು. ಒಳಗೆ ಕತ್ತಲು, ಒಲೇಲಿ ಕಬ್ಬಿನ ಸಿಪ್ಪೆ ಉರಿ, ಕೊಪ್ಪರಿಗೆ ಮೇಲೆ ಹಬೆ, ಮಾಡಿನ ಸಂದಿಯಿಂದ ಬಿಸಿಲು ಕೋಲು ಕೋಲಾಗಿ ಇಳೀತಿತ್ತು. ಹೋದವರಿಗೆಲ್ಲ ಮೊದಲು ಕಣ್ಣಿಗೆ ಬೀಳೋದು ಆ ಬಿಸಿಲ ಕೋಲು, ನಾನೂ ತೆಗೆದೆ. ಆಮೇಲೆ ಪಾಕ ನೋಡೋ ಅಣ್ಣನನ್ನ ಕೇಳಿದೆ, "ಅಣ್ಣ, ಇದರಲ್ಲಿ ಮುಖ್ಯ ಯಾವುದು" ಅಂತ. ನೊರೆ ಬಿಳಿ ಇದ್ದಿದ್ದು ಹಳದಿಗೆ ತಿರುಗಿ, ಗುಳ್ಳೆ ದಪ್ಪ ಆಗಿ ನಿಧಾನಕ್ಕೆ ಒಡೆಯೋಕೆ ಶುರುವಾದಾಗ ಸ್ವಲ್ಪ ಪಾಕನ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡ್ತೀನಿ, ಉಂಡೆ ಗಟ್ಟಿ ನಿಂತ್ರೆ ಇಳಿಸೋದು, ಒಂದು ನಿಮಿಷ ಆಚೆ ಈಚೆ ಆದ್ರೂ ಬೆಲ್ಲ ಕೆಟ್ಟುಹೋಗುತ್ತೆ ಅಂದ್ರು. ಡಬ್ಬದ ಮೇಲೆ ಹೋಗಿದ್ದು ಆ ಬೆರಳುಗಳ ಫೋಟೋ, ತುದೀಲಿ ಚಿನ್ನದ ಬಣ್ಣದ ಉಂಡೆ, ಹಿಂದೆ ಹಬೆ. ಅಂಥ ಜಾಗಕ್ಕೆ ಹೋಗೋರು ಕ್ಯಾಮೆರಾನ ಒಳಗೆ ತಗೊಂಡು ಹೋಗಿ ಅರ್ಧ ಗಂಟೆ ಹಾಗೇ ಇಟ್ಬಿಡಿ, ಲೆನ್ಸ್ ಬಿಸಿ ಆಗ್ಲಿ, ಇಲ್ಲಾಂದ್ರೆ ಗ್ಲಾಸ್ ಮೇಲೆ ಹಬೆ ಕೂರ್ತಾನೇ ಇರುತ್ತೆ. ಲೆನ್ಸ್ ಬದಲಾಯಿಸೋದೇನಿದ್ರೂ ಹೊರಗೆ. ಆ ಅರ್ಧ ಗಂಟೆ ಹೇಗೂ ಖಾಲಿ ಕೂತಿರ್ತೀರ, ಒಂದು ಲೋಟ ಕಬ್ಬಿನ ಹಾಲು ಕುಡೀತಾ ಅಲ್ಲಿ ಕೆಲಸ ಮಾಡೋರನ್ನ ಮಾತಾಡಿಸಿ.